ಮಗುವಿನ ಲಸಿಕೆ: ಒಂದು ತಾರೀಖೂ ಕೈತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ನಮ್ಮ ಕಡೆ ಮಗುವಿಗೆ ಲಸಿಕೆ ಬೇಡವೇ ಬೇಡ ಎಂದು ಹಟ ಹಿಡಿಯುವ ಅಪ್ಪ ಅಮ್ಮ ಕಡಿಮೆ. ಹುಟ್ಟಿದಾಗಿನ ಸೂಜಿಯನ್ನು ಆಸ್ಪತ್ರೆಯವರೇ ಹಾಕಿ ಕಳಿಸುತ್ತಾರೆ. ಒಂದೂವರೆ ತಿಂಗಳದ್ದೂ ಸಾಮಾನ್ಯವಾಗಿ ಆಗಿಬಿಡುತ್ತದೆ, ಬಾಣಂತಿ ಮನೆಗೆ ಆಶಾ ಅಕ್ಕ ಬರುತ್ತಲೇ ಇರುತ್ತಾರಲ್ವಾ. ತಪ್ಪುವುದು ಆಮೇಲೆ. ತವರಿನಿಂದ ಗಂಡನ ಮನೆಗೆ ಹೊರಟಾಗ ಕಾರ್ಡ್ ತವರಿನ ಬೀರುವಿನಲ್ಲೇ ಉಳಿಯುತ್ತದೆ. ಲಸಿಕೆ ದಿನವೇ ಮಗುವಿಗೆ ನೆಗಡಿ ಹಿಡಿಯುತ್ತದೆ. ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಗುಳೆ ಹೋಗುತ್ತಾರೆ. "ಮುಂದಿನ ವಾರ ಹಾಕಿಸಿದ್ರಾಯ್ತು" ಅಂದದ್ದು ಆರು ತಿಂಗಳಾಗುತ್ತದೆ.

ಹಾಗಾಗಿ ಲಸಿಕೆ ಬೇಕೋ ಬೇಡವೋ ಎಂಬ ವಾದಕ್ಕೆ ಇಲ್ಲಿ ಜಾಸ್ತಿ ಜಾಗ ಕೊಟ್ಟಿಲ್ಲ. ಬಸಿರಿನಿಂದ ಹಿಡಿದು ಹದಿನಾರು ವರ್ಷದವರೆಗೆ ಯಾವಾಗ ಏನು ಮಾಡಬೇಕು, ಎಲ್ಲಿ ಎಡವುತ್ತೇವೆ ಅನ್ನುವುದನ್ನಷ್ಟೇ ಒಂದೊಂದಾಗಿ ನೋಡೋಣ.

ಹೆಜ್ಜೆ 1: ಕಾರ್ಡ್ ಮತ್ತು ಫೋನ್ ನಂಬರ್

ಮಗುವಿನ ಲಸಿಕೆ ಶುರುವಾಗುವುದು ಅಮ್ಮನ ಹೊಟ್ಟೆಯಲ್ಲಿದ್ದಾಗಲೇ. ಬಸುರಿ ಎಂದು ಗೊತ್ತಾದ ಕೂಡಲೇ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿ ತಾಯಿ ಕಾರ್ಡ್ ಮಾಡಿಸಿ. ಆಗ ತಾಯಿಗೆ ಟಿಡಿ ಚುಚ್ಚುಮದ್ದು ಕೊಡುತ್ತಾರೆ. ಅದು ಧನುರ್ವಾಯು ಮತ್ತು ಗಂಟಲುಮಾರಿಗೆ. ಹೊಕ್ಕುಳಬಳ್ಳಿ ಕತ್ತರಿಸಿದ ಗಾಯದಿಂದ ನಂಜೇರಿ ಹಸುಗೂಸುಗಳು ಸಾಯುತ್ತಿದ್ದ ಕಾಲವೊಂದಿತ್ತು. ತಾಯಂದಿರಿಗೆ ಸೂಜಿ, ಆಸ್ಪತ್ರೆಯಲ್ಲಿ ಹೆರಿಗೆ, ಇವೆರಡರಿಂದಲೇ ಅದು ಎಷ್ಟು ತಗ್ಗಿತೆಂದರೆ 2015ರಲ್ಲಿ ಭಾರತ ನವಜಾತ ಧನುರ್ವಾಯುವನ್ನು ನಿವಾರಿಸಿದ ದೇಶ ಎನಿಸಿಕೊಂಡಿತು.

ಕಾರ್ಡಿನ ಲಸಿಕೆ ಪುಟದ ಫೋಟೊ ತೆಗೆದು ಗಂಡ ಹೆಂಡತಿ ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ. ಪ್ರತಿ ಸಲ ಸೂಜಿ ಆದ ಮೇಲೆ ಹೊಸ ಫೋಟೊ. ಈಗ ಸರ್ಕಾರದ ಯು-ವಿನ್ ವ್ಯವಸ್ಥೆಯಲ್ಲೂ ಮಗುವಿನ ಲಸಿಕೆ ದಾಖಲಾಗುತ್ತದೆ. ಅಲ್ಲಿ ಕೊಡುವ ಮೊಬೈಲ್ ನಂಬರ್ ಬಗ್ಗೆ ಸ್ವಲ್ಪ ಯೋಚಿಸಿ. ಮಾವನ ನಂಬರೋ, ಎರಡು ತಿಂಗಳಿಗೊಮ್ಮೆ ಸಿಮ್ ಬದಲಾಯಿಸುವ ತಮ್ಮನ ನಂಬರೋ ಕೊಟ್ಟರೆ ನೆನಪಿನ ಮೆಸೇಜ್ ಅವರಿಗೇ ಹೋಗುತ್ತದೆ. ಮಗುವಿನ ಜೊತೆ ಯಾವಾಗಲೂ ಇರುವವರ ನಂಬರ್ ಇರಲಿ.

ಹೆಜ್ಜೆ 2: ಡಿಸ್ಚಾರ್ಜ್‌ಗೆ ಮೊದಲು ಮೂರು ಕೇಳಿ

ಹುಟ್ಟಿದಾಗ ಮೂರು ಲಸಿಕೆ: ಬಿಸಿಜಿ, ಹೆಪಟೈಟಿಸ್ ಬಿ, ಪೋಲಿಯೋ ಹನಿ. ಇದರಲ್ಲಿ ಅವಸರ ಇರುವುದು ಹೆಪಟೈಟಿಸ್ ಬಿಗೆ. 24 ಗಂಟೆಯೊಳಗೆ ಹಾಕಬೇಕು. ತಾಯಿಯ ರಕ್ತದಲ್ಲಿ ಈ ವೈರಸ್ ಇದ್ದರೆ ಹೆರಿಗೆ ಹೊತ್ತಿನಲ್ಲೇ ಮಗುವಿಗೆ ದಾಟಬಹುದು. ಹಸುಗೂಸಿಗೆ ಅಂಟಿದ ಸೋಂಕು ಬಹುಪಾಲು ಜೀವನಪರ್ಯಂತ ಉಳಿದು, ದೊಡ್ಡವರಾದ ಮೇಲೆ ಯಕೃತ್ತನ್ನು ತಿನ್ನುತ್ತದೆ. ಬಸುರಿನಲ್ಲಿ ಮಾಡಿದ ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಪಾಸಿಟಿವ್ ಬಂದಿದ್ದರೆ ಹೆರಿಗೆ ವಾರ್ಡಿಗೆ ಹೋಗುವಾಗಲೇ ಗಟ್ಟಿಯಾಗಿ ಹೇಳಿ. ಅಂಥ ಮಗುವಿಗೆ 12 ಗಂಟೆಯೊಳಗೆ ಲಸಿಕೆಯ ಜೊತೆಗೆ ಇಮ್ಯುನೋಗ್ಲೋಬ್ಯುಲಿನ್ ಎಂಬ ಇನ್ನೊಂದು ಸೂಜಿಯೂ ಬೇಕು.

ಹುಟ್ಟಿದಾಗಿನ ಪೋಲಿಯೋ ಹನಿಗೆ 15 ದಿನದವರೆಗೆ ಸಮಯವಿದೆ. ಬಿಸಿಜಿಯನ್ನು ಒಂದು ವರ್ಷದೊಳಗೆ ಯಾವಾಗ ಬೇಕಾದರೂ ಹಾಕುತ್ತಾರೆ, ಆದರೆ ಬೇಗ ಆದಷ್ಟು ಒಳ್ಳೆಯದು. ಕ್ಷಯ ಮಿದುಳಿಗೆ ಏರುವಂಥ ಭೀಕರ ರೂಪಗಳಿಂದ ಚಿಕ್ಕ ಮಕ್ಕಳನ್ನು ಕಾಯುವುದೇ ಅದರ ಮುಖ್ಯ ಕೆಲಸ.

ಎಡತೋಳಿಗೆ ಹಾಕಿದ ಬಿಸಿಜಿ ಜಾಗದಲ್ಲಿ ಕೆಲವು ವಾರ ಬಿಟ್ಟು ಸಣ್ಣ ಗುಳ್ಳೆ ಏಳುತ್ತದೆ. ಕೀವು ತುಂಬಿ, ಒಡೆದು, ಒಣಗಿ ಕಲೆ ಉಳಿಯುತ್ತದೆ. ಇದು ಲಸಿಕೆ ಕೆಲಸ ಮಾಡುವ ರೀತಿ. ಅರಿಶಿನ, ಮುಲಾಮು, ಪೌಡರ್ ಏನೂ ಹಚ್ಚಬೇಡಿ, ಹಿಚುಕಬೇಡಿ. ಕೆಲವು ಮಕ್ಕಳಿಗೆ ಕಲೆ ಬೀಳುವುದೇ ಇಲ್ಲ. ಅದಕ್ಕಾಗಿ ಇನ್ನೊಮ್ಮೆ ಹಾಕಿಸಬೇಕಿಲ್ಲ. ಕಂಕುಳಲ್ಲಿ ಗಡ್ಡೆ ದಪ್ಪಗಾದರೆ ಮಾತ್ರ ಡಾಕ್ಟರಿಗೆ ತೋರಿಸಿ.

ಹೆಜ್ಜೆ 3: ಕ್ಯಾಲೆಂಡರಿನಲ್ಲಿ ಮೂರು ಗುರುತು

ಮುಂದಿನ ಮೂರು ಭೇಟಿ 6, 10 ಮತ್ತು 14 ವಾರಕ್ಕೆ. ಇದನ್ನು ತಿಂಗಳಲ್ಲಿ ಎಣಿಸಿದರೆ ಗೊಂದಲ. ಒಂದು ಸುಲಭ ದಾರಿ ಇದೆ: ಮಗು ಮಂಗಳವಾರ ಹುಟ್ಟಿದ್ದರೆ, ಆಮೇಲೆ ಬರುವ ಆರನೇ ಮಂಗಳವಾರಕ್ಕೆ ಆರು ವಾರ ಭರ್ತಿ. ಗೋಡೆ ಕ್ಯಾಲೆಂಡರಿನಲ್ಲಿ 6, 10, 14ನೇ ಮಂಗಳವಾರಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ. ಆ ದಿನ ಅಥವಾ ಅದರ ನಂತರ ಬರುವ ಲಸಿಕೆ ದಿನವೇ ನಿಮ್ಮ ದಿನ. ನಮ್ಮಲ್ಲಿ ಬಹಳ ಕಡೆ ಗುರುವಾರ ಲಸಿಕೆ ಹಾಕುತ್ತಾರೆ, ನಿಮ್ಮ ಅಂಗನವಾಡಿಗೆ ಯಾವ ದಿನ ಎಂದು ಆಶಾ ಅಕ್ಕನನ್ನು ಕೇಳಿ. ಆರು ವಾರ ತುಂಬುವ ಮೊದಲು ಹೋಗಬೇಡಿ, ಹಾಕುವುದಿಲ್ಲ. ಎರಡು ಡೋಸ್ ನಡುವೆ ಕನಿಷ್ಠ ನಾಲ್ಕು ವಾರ ಇರಲೇಬೇಕು.

ಈ ಮೂರು ಭೇಟಿಯಲ್ಲೂ ಪೆಂಟಾ ಸೂಜಿ, ಪೋಲಿಯೋ ಹನಿ ಮತ್ತು ಬಾಯಿಗೆ ಹಾಕುವ ರೋಟಾವೈರಸ್ ಲಸಿಕೆ ಇರುತ್ತವೆ. ಪೆಂಟಾ ಒಂದೇ ಸೂಜಿಯಲ್ಲಿ ಐದಕ್ಕೆ: ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಮತ್ತು ಮಕ್ಕಳಲ್ಲಿ ನ್ಯುಮೋನಿಯಾ, ಮಿದುಳುಪೊರೆಯ ಉರಿಯೂತ ತರುವ ಹಿಬ್ ಎಂಬ ಬ್ಯಾಕ್ಟೀರಿಯಾ. ರೋಟಾವೈರಸ್ ಎಂದರೆ ಕೂಸುಗಳನ್ನು ಒಂದೆರಡು ದಿನದಲ್ಲೇ ಒಣಗಿಸಿಬಿಡುವ ವಾಂತಿ-ಭೇದಿ. 6 ಮತ್ತು 14 ವಾರಕ್ಕೆ ಇವುಗಳ ಜೊತೆ ಇನ್ನೆರಡು ಸೂಜಿ ಸೇರುತ್ತವೆ, ನ್ಯುಮೋನಿಯಾ ತಡೆಯುವ ಪಿಸಿವಿ ಮತ್ತು ಪೋಲಿಯೋ ಸೂಜಿ. 10ನೇ ವಾರದ್ದು ಹಗುರ.

"ಇಷ್ಟು ಚಿಕ್ಕ ಕೂಸಿಗೆ ಒಂದೇ ದಿನ ಮೂರು ಸೂಜಿನಾ?" ಎಂದು ಅಜ್ಜಿ ಸಿಟ್ಟಾಗುವುದು ಇಲ್ಲೇ. ಕೂಸು ಹುಟ್ಟಿದ ಕ್ಷಣದಿಂದ ಲೆಕ್ಕವಿಲ್ಲದಷ್ಟು ರೋಗಾಣುಗಳ ನಡುವೆಯೇ ಬದುಕುತ್ತಿದೆ, ಮೂರು ಲಸಿಕೆ ಅದರ ದೇಹಕ್ಕೆ ದೊಡ್ಡ ಹೊರೆಯಲ್ಲ. ಅಜ್ಜಿಯನ್ನು ಒಪ್ಪಿಸಲು ಅವರ ತೋಳನ್ನೇ ತೋರಿಸಿ. ವಯಸ್ಸಾದವರ ತೋಳಿನಲ್ಲಿ ಸಿಡುಬಿನ ಲಸಿಕೆಯ ದುಂಡನೆ ಕಲೆ ಈಗಲೂ ಕಾಣುತ್ತದೆ. ಈ ದೇಶದಿಂದ ಸಿಡುಬು ಹೊರಟೇಹೋಯಿತು ಎಂದು 1977ರಲ್ಲಿ ಘೋಷಣೆಯಾಯಿತು. ಹರಟೆಯ ಹಾಗೆ ಆ ಕಾಲದ ಕಥೆ ಕೇಳಿದರೆ, ಅರ್ಧ ಗಂಟೆಯಲ್ಲಿ ಅವರೇ ಕೂಸನ್ನು ಎತ್ತಿಕೊಂಡು ಅಂಗನವಾಡಿಗೆ ಹೊರಡುತ್ತಾರೆ.

ಹೆಜ್ಜೆ 4: ಆ ದಿನ ಅಂಗನವಾಡಿಯಲ್ಲಿ

ಸಡಿಲವಾದ, ತೋಳು ತೊಡೆ ಬೇಗ ಬಿಚ್ಚಬಹುದಾದ ಬಟ್ಟೆ ಹಾಕಿ. ಕಾರ್ಡ್ ಮರೆಯಬೇಡಿ. ಸಾಧ್ಯವಾದರೆ ಬೆಳಗ್ಗೆಯೇ ಹೋಗಿ. ಬಿಸಿಜಿ, ಎಂಆರ್ (ದಡಾರ-ರುಬೆಲ್ಲಾ) ಥರದ ಪುಡಿ ಲಸಿಕೆಗಳನ್ನು ದ್ರಾವಣದಲ್ಲಿ ಕರಗಿಸಿದ ಮೇಲೆ ನಾಲ್ಕೇ ಗಂಟೆ ಬಳಸಬಹುದು, ಉಳಿದದ್ದನ್ನು ಎಸೆಯಬೇಕು. ಒಂದು ಸೀಸೆಯಲ್ಲಿ ಹಲವು ಮಕ್ಕಳಿಗಾಗುವಷ್ಟು ಇರುವುದರಿಂದಲೇ "ಎಲ್ಲರೂ ಒಂದೇ ದಿನ ಬನ್ನಿ" ಎಂದು ಸಿಸ್ಟರ್ ಒತ್ತಾಯ ಮಾಡುವುದು.

ಸೂಜಿಗೆ ಮೊದಲು ಸೀಸೆ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಅದರ ಮೇಲೆ ಒಂದು ದುಂಡನೆ ಗುರುತು, ಒಳಗೊಂದು ಚೌಕ ಇರುತ್ತದೆ. ಒಳಗಿನ ಚೌಕ ಸುತ್ತಲ ಬಣ್ಣಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಚೆನ್ನಾಗಿದೆ. ಚೌಕವೂ ಸುತ್ತಲಷ್ಟೇ ಕಪ್ಪಾಗಿದ್ದರೆ ಬಿಸಿಲ ಕಾವು ತಗುಲಿ ಕೆಟ್ಟಿದೆ ಎಂದರ್ಥ. ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಐಸ್ ಪ್ಯಾಕ್ ತುಂಬಿದ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಹಳ್ಳಿಗೆ ತರುವ ಸಿಸ್ಟರ್‌ಗೂ ಈ ಗುರುತೇ ಭರವಸೆ. ಎಲ್ಲರೆದುರು ಅದನ್ನು ನೋಡುವವರು ಅಪರೂಪ, ನೀವು ಕೇಳಿದರೆ ಬಹಳ ಮಂದಿ ಖುಷಿಯಿಂದಲೇ ತೋರಿಸುತ್ತಾರೆ. ಸಿರಿಂಜ್ ಪ್ಯಾಕೆಟನ್ನು ನಿಮ್ಮೆದುರೇ ಒಡೆಯಬೇಕು. ಸರ್ಕಾರದ ಲಸಿಕೆ ಸಿರಿಂಜ್ ಒಂದು ಸಲ ಒತ್ತಿದ ಮೇಲೆ ತಾನೇ ಲಾಕ್ ಆಗುತ್ತದೆ, ಇನ್ನೊಬ್ಬರಿಗೆ ಬಳಸಲು ಬರುವುದಿಲ್ಲ.

ಮಗು ಸಮಾಧಾನವಾಗಿದ್ದಾಗ ಬಾಯಿ ಹನಿ ಮೊದಲು, ಅಳಿಸುವ ಸೂಜಿ ಆಮೇಲೆ. ಪೆಂಟಾ ಎಡತೊಡೆಗೆ, ಪಿಸಿವಿ ಬಲತೊಡೆಗೆ, ಪೋಲಿಯೋ ಸೂಜಿ ಬಲತೋಳಿಗೆ. ಎಡ ಬಲ ಗೊತ್ತಿದ್ದರೆ, ಆಮೇಲೆ ಎಲ್ಲಾದರೂ ಊದಿಕೊಂಡಾಗ ಯಾವುದರಿಂದ ಎಂದು ಹೇಳಬಹುದು. ಮಗುವನ್ನು ಮಡಿಲಲ್ಲಿ ಕೂರಿಸಿ ಕೈಕಾಲು ಮೆಲ್ಲಗೆ ಹಿಡಿದುಕೊಳ್ಳಿ. ಸೂಜಿ ಚುಚ್ಚುವಾಗ ಅಥವಾ ಚುಚ್ಚಿದ ಕೂಡಲೇ ಎದೆಹಾಲು ಕೊಟ್ಟರೆ ಅಳು ಬೇಗ ನಿಲ್ಲುತ್ತದೆ. ಪೋಲಿಯೋ ಹನಿ ಹಾಕಿದ ಮೇಲೆ ಹಾಲು ಕುಡಿಸಬಾರದು ಎನ್ನುವುದು ಸುಮ್ನೆ ಹಬ್ಬಿದ ಮಾತು.

ಆಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ. ಲಸಿಕೆಗೆ ಮೈ ಒಗ್ಗದೆ ದಿಢೀರ್ ಅಲರ್ಜಿ ಆಗುವುದು ಬಹಳ ಅಪರೂಪ. ಆದರೆ ಆಗಿದ್ದೇ ಆದರೆ, ಅದು ಸಾಮಾನ್ಯವಾಗಿ ಈ ಹೊತ್ತಿನಲ್ಲೇ. ಹೊರಡುವ ಮುಂಚೆ ನಾಲ್ಕು ವಿಷಯ ಕೇಳಿಕೊಳ್ಳಿ: ಇವತ್ತು ಹಾಕಿದ್ದು ಯಾವುದಕ್ಕೆ, ಏನಾದರೂ ತೊಂದರೆ ಆಗಬಹುದಾ, ಆದರೆ ಏನು ಮಾಡಬೇಕು, ಮುಂದಿನ ತಾರೀಖು ಯಾವುದು. ಕಾರ್ಡಿನಲ್ಲಿ ತಾರೀಖು ಬರೆದಿದ್ದಾರಾ ನೋಡಿಯೇ ಎದ್ದೇಳಿ.

ಹೆಜ್ಜೆ 5: ಮನೆಗೆ ಬಂದ ಮೇಲೆ

ಪೆಂಟಾ ಆದ ದಿನ ಸಂಜೆಗೆ ಮೈ ಬಿಸಿಯಾಗುವುದು, ತೊಡೆ ಕೆಂಪಾಗಿ ಊದುವುದು, ಮಗು ಕಿರಿಕಿರಿ ಮಾಡುವುದು ಮಾಮೂಲು. ಒಂದೆರಡು ದಿನದಲ್ಲಿ ಇಳಿಯುತ್ತದೆ. ಊದಿದ ಜಾಗಕ್ಕೆ ಒದ್ದೆ ಬಟ್ಟೆ ಇಡಿ. ಬಿಸಿ ಶಾಖ ಕೊಡಬೇಡಿ, ಉಜ್ಜಬೇಡಿ, ಎಣ್ಣೆ ಹಚ್ಚಬೇಡಿ. ಹಾಲು ಆಗಾಗ ಕುಡಿಸಿ.

ಜ್ವರಕ್ಕೆ ಪ್ಯಾರಾಸಿಟಮಾಲ್. ಇಲ್ಲೊಂದು ಅಪಾಯವಿದೆ, ಗಮನವಿಟ್ಟು ಓದಿ. ಅಂಗಡಿಯಲ್ಲಿ ಇದು ಡ್ರಾಪ್ಸ್ ಆಗಿಯೂ ಸಿರಪ್ ಆಗಿಯೂ ಸಿಗುತ್ತದೆ. ಡ್ರಾಪ್ಸ್ ತುಂಬಾ ಗಟ್ಟಿ, ಸಾಮಾನ್ಯವಾಗಿ 1 ಮಿಲೀಗೆ 100 ಮಿಗ್ರಾಂ. ಸಿರಪ್‌ನಲ್ಲಿ 5 ಮಿಲೀಗೆ 120, 125 ಅಥವಾ 250 ಮಿಗ್ರಾಂ. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಹಾಕಿದರೆ ಮಗುವಿಗೆ ಹಲವು ಪಟ್ಟು ಔಷಧಿ ಹೋಗಿಬಿಡುತ್ತದೆ. ಮಗುವಿನ ತೂಕಕ್ಕೆ, ನಿಮ್ಮ ಕೈಲಿರುವ ಅದೇ ಬಾಟಲಿಯಿಂದ ಎಷ್ಟು ಮಿಲೀ, ಎಷ್ಟು ಗಂಟೆಗೊಮ್ಮೆ ಎಂದು ಡಾಕ್ಟರ್ ಅಥವಾ ಸಿಸ್ಟರ್ ಕೈಯಲ್ಲಿ ಬರೆಸಿಕೊಳ್ಳಿ. ಪಕ್ಕದ ಮನೆಯವರು ಹೇಳಿದ ಅಳತೆ ಬೇಡ.

ಮೂರು ಗಂಟೆ ಮೀರಿ ಸಮಾಧಾನವೇ ಆಗದ ಅಳು, ಫಿಟ್ಸ್, ಉಸಿರಾಟಕ್ಕೆ ಕಷ್ಟ, ಮುಖ ಊದುವುದು, ಮಗು ಜೋತುಬಿದ್ದ ಹಾಗಾಗುವುದು, ಎರಡು ದಿನ ದಾಟಿಯೂ ಇಳಿಯದ ಜ್ವರ: ಇವುಗಳಲ್ಲಿ ಯಾವುದಾದರೂ ಕಂಡರೆ ಕಾಯಬೇಡಿ. 108ಕ್ಕೆ ಕರೆ ಮಾಡಿ ಅಥವಾ ಆಸ್ಪತ್ರೆಗೆ ಹೋಗಿ. ಮುಂದಿನ ಲಸಿಕೆ ದಿನ ಇದನ್ನು ಸಿಸ್ಟರ್‌ಗೆ ಹೇಳುವುದನ್ನೂ ಮರೆಯಬೇಡಿ.

ಹೆಜ್ಜೆ 6: ಒಂಬತ್ತು ತಿಂಗಳು, ಮತ್ತೆ ಒಂದೂವರೆ ವರ್ಷ

ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಹೆಚ್ಚು ಜಾಗ್ರತೆಯಿಂದ ನೋಡಿಕೊಳ್ಳಬೇಕಾದ ತಾರೀಖುಗಳು ಇವೆರಡು. ಮೂರೂವರೆ ತಿಂಗಳಿನಿಂದ ಒಂಬತ್ತರವರೆಗೆ ದೊಡ್ಡ ಬಿಡುವು. ಅಷ್ಟರಲ್ಲಿ ಬಾಣಂತನ ಮುಗಿದು, ಅಮ್ಮ ಊರು ಬದಲಾಯಿಸಿ, ಕೆಲವರು ಕೆಲಸಕ್ಕೂ ಹೋಗುತ್ತಿರುತ್ತಾರೆ. ಮಗು ಗುಂಡುಗುಂಡಾಗಿದೆ, ಯಾರಿಗೂ ಸೂಜಿ ನೆನಪಾಗುವುದಿಲ್ಲ.

ಒಂಬತ್ತು ತಿಂಗಳು ತುಂಬಿದ ಕೂಡಲೇ ದಡಾರ-ರುಬೆಲ್ಲಾದ ಮೊದಲ ಡೋಸ್, ಅಂದರೆ ಎಂಆರ್. ಜೊತೆಗೆ ಪಿಸಿವಿ ಬೂಸ್ಟರ್, ಮೂರನೇ ಪೋಲಿಯೋ ಸೂಜಿ (2023ರಿಂದ ಸೇರಿದ್ದು), ವಿಟಮಿನ್ ಎ ದ್ರಾವಣ. ಬಳ್ಳಾರಿ, ಕೋಲಾರ, ಮಂಡ್ಯದಂಥ ಜಿಲ್ಲೆಗಳಲ್ಲಿ ಸೊಳ್ಳೆಯಿಂದ ಹರಡುವ ಮಿದುಳು ಜ್ವರದ ಜೆಇ ಲಸಿಕೆಯೂ ಉಂಟು. ನಿಮ್ಮ ಜಿಲ್ಲೆ ಆ ಪಟ್ಟಿಯಲ್ಲಿದೆಯಾ ಎಂದು ಕೇಳಿ.

ದಡಾರವನ್ನು "ಅಮ್ಮ ಬಂದಿದೆ, ಬೇವಿನ ಸೊಪ್ಪು ಕಟ್ಟಿದರೆ ಹೋಗುತ್ತೆ" ಎಂದು ಹಗುರ ಮಾಡುತ್ತೇವೆ. ಅದು ಹಗುರವಲ್ಲ. ಲಸಿಕೆ ಇಲ್ಲದ ಹತ್ತು ಮಂದಿ ರೋಗಿಯ ಹತ್ತಿರ ಸುಳಿದರೆ ಒಂಬತ್ತು ಮಂದಿಗೆ ಅಂಟಬಲ್ಲದು. ರೋಗಿ ಎದ್ದು ಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ ವೈರಸ್ ಎರಡು ಗಂಟೆಯವರೆಗೆ ಇರುತ್ತದೆ. ನ್ಯುಮೋನಿಯಾ, ಭೇದಿ, ಕುರುಡು, ಮಿದುಳಿನ ಉರಿಯೂತ ಇದರ ಹಿಂದೆಯೇ ಬರಬಹುದು. ದಡಾರ ವಾಸಿಯಾದರೂ ಮಗುವಿನ ದೇಹ ಹಿಂದೆ ಬೇರೆ ರೋಗಗಳ ವಿರುದ್ಧ ಗಳಿಸಿದ್ದ ಶಕ್ತಿಯ ಒಂದು ಪಾಲನ್ನು ಕಳೆದುಕೊಳ್ಳುತ್ತದೆ.

ಒಂಬತ್ತು ತಿಂಗಳಿಗಿಂತ ಮುಂಚೆ ಯಾಕಿಲ್ಲ? ತಾಯಿಯಿಂದ ಬಂದ ರಕ್ಷಣೆ ಮಗುವಿನ ರಕ್ತದಲ್ಲಿ ಇನ್ನೂ ಉಳಿದಿರುತ್ತದೆ, ಅದು ಲಸಿಕೆಯನ್ನೇ ಮಂಕಾಗಿಸುತ್ತದೆ. ಒಂಬತ್ತಕ್ಕೆ ಹಾಕಿದರೂ ನೂರರಲ್ಲಿ ಸುಮಾರು 85 ಮಕ್ಕಳಿಗೆ ಮಾತ್ರ ರಕ್ಷಣೆ ಸಿಗುತ್ತದೆ. ಉಳಿದ ಹದಿನೈದು ಮಂದಿಯಲ್ಲಿ ನಿಮ್ಮ ಮಗು ಇದೆಯೋ ಇಲ್ಲವೋ ನೋಡಿ ಹೇಳಲು ಆಗದು. ಅದಕ್ಕೇ 16ರಿಂದ 24 ತಿಂಗಳೊಳಗೆ ಎರಡನೇ ಎಂಆರ್. ಅದೇ ದಿನ ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು) ಬೂಸ್ಟರ್, ಪೋಲಿಯೋ ಹನಿ, ಜೆಇ ಇರುವ ಕಡೆ ಅದರ ಎರಡನೇ ಡೋಸ್. ವಿಟಮಿನ್ ಎ ಅಲ್ಲಿಂದ ಆರು ತಿಂಗಳಿಗೊಮ್ಮೆ ಐದು ವರ್ಷದವರೆಗೆ.

ಎಂಆರ್ ಜ್ವರ ಸ್ವಲ್ಪ ವಿಚಿತ್ರ. ಸೂಜಿ ಹಾಕಿದ ದಿನ ಏನೂ ಇರುವುದಿಲ್ಲ. ಒಂದು ವಾರ ಕಳೆದ ಮೇಲೆ, ಎಲ್ಲರೂ ಮರೆತಾಗ, ಸಣ್ಣ ಜ್ವರವೋ ಮೈಮೇಲೆ ತಿಳಿ ಗುಳ್ಳೆಯೋ ಬಂದು ಹೋಗಬಹುದು. ಗಾಬರಿ ಬೇಡ. ಎಂಆರ್ ಥರದ ಲಸಿಕೆಯಿಂದ ಆಟಿಸಂ ಬರುತ್ತದೆ ಎಂದು ವಾಟ್ಸ್ಯಾಪಿನಲ್ಲಿ ಸುತ್ತುವ ಮಾತಿನ ಮೂಲ 1998ರ ಒಂದು ಬ್ರಿಟಿಷ್ ಲೇಖನ. ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು, ಬರೆದ ಡಾಕ್ಟರ್ ವೈದ್ಯ ಪರವಾನಗಿ ಕಳೆದುಕೊಂಡರು.

ನೆಗಡಿ ಇದ್ದರೆ ಹಾಕಿಸಬಹುದಾ?

ಹಾಕಿಸಬಹುದು. ನೆಗಡಿ, ಕೆಮ್ಮು, ಸಣ್ಣ ಜ್ವರ, ಸ್ವಲ್ಪ ಭೇದಿ, ಹಲ್ಲು ಬರುತ್ತಿರುವುದು, ತೂಕ ಕಡಿಮೆ, ಯಾವುದೂ ಮುಂದೂಡಲು ಕಾರಣವಲ್ಲ. ತಿಂಗಳು ತುಂಬದೆ ಹುಟ್ಟಿದ ಮಗುವಿಗೂ ಹುಟ್ಟಿದ ದಿನದಿಂದಲೇ ಲೆಕ್ಕ. ಆಸ್ಪತ್ರೆಗೆ ಸೇರಿಸುವಷ್ಟು ಹುಷಾರಿಲ್ಲದಿದ್ದರೆ ಮಾತ್ರ ಸುಧಾರಿಸುವವರೆಗೆ ಕಾಯಿರಿ. ಹಿಂದಿನ ಡೋಸಿಗೆ ತೀವ್ರ ಅಲರ್ಜಿ ಆಗಿದ್ದರೆ, ರೋಗನಿರೋಧಕ ಶಕ್ತಿ ಕುಗ್ಗಿಸುವ ಕಾಯಿಲೆಯೋ ಚಿಕಿತ್ಸೆಯೋ ಇದ್ದರೆ, ಇತ್ತೀಚೆಗೆ ರಕ್ತ ಕೊಡಿಸಿದ್ದರೆ ಮೊದಲು ಮಕ್ಕಳ ಡಾಕ್ಟರನ್ನು ಕೇಳಿ.

ಸರ್ಕಾರಿಯೋ ಪ್ರೈವೇಟೋ?

ಸರ್ಕಾರದ ಪಟ್ಟಿಯಲ್ಲಿರುವುದೆಲ್ಲ ಪೂರ್ತಿ ಉಚಿತ, ಗುಣಮಟ್ಟದಲ್ಲಿ ಕಡಿಮೆ ಇಲ್ಲ. ಪ್ರೈವೇಟ್ ಕ್ಲಿನಿಕ್ಕುಗಳ 'ನೋವಿಲ್ಲದ ಸೂಜಿ'ಯಲ್ಲಿ ನಾಯಿಕೆಮ್ಮಿನ ಭಾಗ ಬೇರೆ ಥರದ್ದು, ಜ್ವರ ಊತ ಕಡಿಮೆ, ಅಷ್ಟೇ. ರಕ್ಷಣೆ ಅದರಿಂದ ಹೆಚ್ಚಾಗುವುದಿಲ್ಲ. ದುಡ್ಡು ಹೊಂದಿಸಿಕೊಂಡು ಮುಂದಿನ ತಿಂಗಳು ಹೋಗೋಣ ಎಂದು ಕಾಯುವುದಕ್ಕಿಂತ ಇವತ್ತೇ ಅಂಗನವಾಡಿಗೆ ಹೋಗುವುದು ಎಷ್ಟೋ ಮೇಲು. ಮಕ್ಕಳ ಡಾಕ್ಟರುಗಳು ಹೇಳುವ ಹೆಚ್ಚುವರಿ ಲಸಿಕೆಗಳೂ ಇವೆ: ಟೈಫಾಯ್ಡ್, ಮಂಗನಬಾವು ಸೇರಿದ ಎಂಎಂಆರ್, ಸೀತಾಳ ಸಿಡುಬು, ಹೆಪಟೈಟಿಸ್ ಎ, ಫ್ಲೂ. ಎಲ್ಲದಕ್ಕೂ ಖರ್ಚು ಮಾಡಲು ಆಗದಿದ್ದರೆ ನಾನು ಮೊದಲು ಟೈಫಾಯ್ಡ್‌ಗೆ ಹಾಕುತ್ತೇನೆ. ನಮ್ಮ ಊರುಗಳ ನೀರನ್ನು ನೋಡಿದವರಿಗೆ ಕಾರಣ ಹೇಳಬೇಕಿಲ್ಲ.

ತಾರೀಖು ತಪ್ಪಿಯೇ ಹೋದರೆ

ಮೊದಲಿನಿಂದ ಶುರು ಮಾಡಬೇಕಿಲ್ಲ. ಎಲ್ಲಿ ನಿಂತಿದೆಯೋ ಅಲ್ಲಿಂದ ಮುಂದುವರಿಸುವುದು. ಎರಡು ಪೆಂಟಾ ಆಗಿ ಐದು ತಿಂಗಳು ಕಳೆದಿದ್ದರೆ ಮೂರನೆಯದನ್ನು ಈಗ ಹಾಕಿಸಿ. ಮೊದಲ ಪೆಂಟಾ ಒಂದು ವರ್ಷದೊಳಗೆ ಶುರುವಾಗಬೇಕು. ಅದೂ ಆಗದಿದ್ದರೆ ಏಳು ವರ್ಷದವರೆಗೆ ಡಿಪಿಟಿ ಕೊಡುತ್ತಾರೆ. ಎಂಆರ್ ಎರಡೂ ಡೋಸನ್ನು ಐದು ವರ್ಷದೊಳಗೆ ಹಾಕಿಸಬಹುದು. ಸಿಸ್ಟರ್ ಬೈಯುತ್ತಾರೆ ಎಂದು ಹೆದರಿ ಮನೆಯಲ್ಲೇ ಕೂರಬೇಡಿ. ಒಂದೆರಡು ಮಾತು ಬಂದರೂ ಕೇಳಿಸಿಕೊಂಡು ಬನ್ನಿ.

ಊರು ಬಿಟ್ಟು ಬಂದಿದ್ದರೆ ಇರುವ ಊರಲ್ಲೇ ಹಾಕಿಸಿ. ಬೇರೆ ಜಿಲ್ಲೆಯ ಕಾರ್ಡ್ ಎಂದು ವಾಪಸ್ ಕಳಿಸುವ ಹಾಗಿಲ್ಲ. ನಗರದಲ್ಲಿದ್ದರೆ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಕಾರ್ಡೇ ಕಳೆದಿದ್ದರೆ ಮೊದಲು ಹಾಕಿಸಿದ ಕೇಂದ್ರದ ರಿಜಿಸ್ಟರಿನಲ್ಲಿ ಅಥವಾ ಯು-ವಿನ್‌ನಲ್ಲಿ ಸಿಗುತ್ತದೆ. ಇನ್ನು ಪಲ್ಸ್ ಪೋಲಿಯೋ ಭಾನುವಾರದ ಹನಿ ಈ ಪಟ್ಟಿಗೆ ಬದಲಿಯಲ್ಲ. ಎಲ್ಲ ಡೋಸ್ ಆಗಿದ್ದರೂ ಅದನ್ನು ಹಾಕಿಸಬೇಕು. ದೇಶದ ಕೊನೆಯ ಕಾಡು ಪೋಲಿಯೋ (ಸಹಜವಾಗಿ ಹರಡುವ ವೈರಸ್‌ನ) ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಸಿಕ್ಕಿತು. ಅದು ಮರಳಿ ಬರದಿರಲು ಈ ಹನಿ.

ಅಮೆರಿಕದಿಂದ ಮಗುವನ್ನು ಊರಿಗೆ ಕರೆತರುವವರಿಗೆ ಒಂದು ಮಾತು. ಅಲ್ಲಿ ಮೊದಲ ಎಂಎಂಆರ್ ಹನ್ನೆರಡರಿಂದ ಹದಿನೈದು ತಿಂಗಳಿಗೆ. ಮಗು 6ರಿಂದ 11 ತಿಂಗಳಿನದ್ದಾದರೆ ಹೊರಡುವ ಮುಂಚೆ ಒಂದು ಡೋಸ್ ಹಾಕಿಸಿ ಎಂದು ಅಲ್ಲಿನ ಡಾಕ್ಟರುಗಳೇ ಹೇಳುತ್ತಾರೆ. ಆ ಡೋಸ್ ಲೆಕ್ಕಕ್ಕಿಲ್ಲ, ವರ್ಷ ತುಂಬಿದ ಮೇಲೆ ಮತ್ತೆ ಎರಡು ಬೇಕು.

ಹೆಜ್ಜೆ 7: ಶಾಲೆಗೆ ಹೋಗುವ ಮಕ್ಕಳು

5ರಿಂದ 6 ವರ್ಷಕ್ಕೆ ಎರಡನೇ ಡಿಪಿಟಿ ಬೂಸ್ಟರ್. 10 ಮತ್ತು 16 ವರ್ಷಕ್ಕೆ ಟಿಡಿ. ಗಂಟಲುಮಾರಿ ಲಸಿಕೆಯ ಶಕ್ತಿ ವರ್ಷ ಕಳೆದಂತೆ ಇಳಿಯುತ್ತದೆ. ಉತ್ತರ ಕರ್ನಾಟಕದಲ್ಲಿ ಈ ರೋಗ ಶಾಲಾ ಮಕ್ಕಳಲ್ಲೂ ಕಂಡಿದೆ. ಗಂಟಲಲ್ಲಿ ಬೂದು ಪೊರೆ ಕಟ್ಟಿ ಉಸಿರು ಕಟ್ಟಿಸುವ, ಹೃದಯಕ್ಕೂ ನಂಜು ಏರಿಸುವ ಕಾಯಿಲೆ ಅದು. ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಗೆ 9ರಿಂದ 14 ವರ್ಷ ಒಳ್ಳೆಯ ವಯಸ್ಸು, ನಿಮ್ಮ ಡಾಕ್ಟರ್ ಜೊತೆ ಮಾತಾಡಿ.

ಟಿಡಿಯನ್ನು ಬಹಳ ಕಡೆ ಶಾಲೆಗೇ ಬಂದು ಹಾಕುತ್ತಾರೆ. ಮೇಷ್ಟ್ರು ಕಳಿಸುವ ಒಪ್ಪಿಗೆ ಚೀಟಿ ಬ್ಯಾಗಿನ ತಳದಲ್ಲಿ ಮುದುಡಿ ಬಿದ್ದಿರುತ್ತದೆ, ತೆಗೆದು ಸಹಿ ಮಾಡಿ. ಆ ದಿನ ಮಗು ರಜೆ ಹಾಕಿದ್ದರೆ ಶಾಲೆಯವರು ಮತ್ತೆ ಕರೆಯುತ್ತಾರೆ ಎಂದು ಕಾಯಬೇಡಿ, ಮುಂದಿನ ಲಸಿಕೆ ದಿನ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಹಳೆಯ ತಾಯಿ ಕಾರ್ಡಿನಲ್ಲೇ ತಾರೀಖು ಬರೆಸಿ.